ಮೂರು ದಿನ ಮೊದಲೇ ಒಡೆದ ಕುಂಬಳಕಾಯಿ

ಶೂಟಿಂಗಿಗೆ ಹಿಡಿದ ಶೆಡ್ಡಿನ ಬಾಡಿಗೆ ದಿನಕ್ಕೆ ಹದಿನೈದು ಸಾವಿರ. ಜನರೇಟರಿಗೆ ಒಂಬತ್ತು ಸಾವಿರ. ಹೊಟ್ಟೆಯೊಳಗೆ ಏನೂ ಇಲ್ಲದೆ ಬರೀ ಮುಖವಿರುವ ಅರವತ್ತು ಕಂಪ್ಯೂಟರು, ಒಂದಕ್ಕೆ ನೂರರಂತೆ ಆರು ಸಾವಿರ. ಇಂಗ್ಲೆಂಡಿನಿಂದ ಬಂದ ನಟಿ ಕೂರುವ ಎ.ಸಿ. ವ್ಯಾನಿಗೆ ಹನ್ನೆರಡು ಸಾವಿರ. ಅವರ ಜೊತೆ ಬಂದವರು ಕುಡಿಯುವ ಬಾಟಲಿ ನೀರಿಗೆ ಎರಡು ಸಾವಿರದ ನಾನೂರು.

ಶೂಟಿಂಗಿನ ಮ್ಯಾನೇಜರ್ ಲೋಕೇಶ್ ಬೆರಳು ಮಡಿಸಿ ಎಣಿಸುತ್ತಿದ್ದ. ಎರಡು ಕೈಯ ಬೆರಳೂ ಮುಗಿದ ಮೇಲೆ ನಿಲ್ಲಿಸಿದ.

"ಎಲ್ಲಾ ಸೇರಿ ದಿನಕ್ಕೆ ಮೂರೂವರೆ ಲಕ್ಷ ಅಮ್ಮ. ಏಳು ದಿನ ಶೂಟಿಂಗ್ ಆಗಿದೆ, ಇನ್ನು ಮೂರು ದಿನ ಬಾಕಿ. ಆ ಏಳು ದಿನದ್ದು ಇಪ್ಪತ್ತೊಂದು ಟೇಪು. ಅಷ್ಟನ್ನೂ ಆ ಹುಡುಗಿ ಎತ್ಕೊಂಡ್ ಹೋಗ್ಬಿಟ್ಟಿದಾಳೆ."

"ಆ ಹುಡುಗಿಗೆ ದಿನಕ್ಕೆ ಎಷ್ಟು?" ಎಂದೆ.

ಅವನು ಮಡಿಸಿದ್ದ ಬೆರಳು ಬಿಚ್ಚಿದ.

"ಅದು... ಆರುನೂರು. ಊಟ ನಮ್ದೇ."

"ಬೆರಳು ಮಡಿಸೋವಾಗ ಆ ಆರುನೂರು ಬಿಟ್ಟೇ ಹೋಯ್ತಲ್ಲಪ್ಪ."

ಮೇಜಿನ ಮೇಲೆ ಟೈಪು ಮಾಡಿದ ದೂರು ಸಿದ್ಧವಾಗಿತ್ತು. ಅದರಲ್ಲಿ ಆ ಹುಡುಗಿ ಶಾಂಭವಿಯ ಹೆಸರಿತ್ತು, ಅವಳ ವಿಳಾಸವಿತ್ತು. ಇಲ್ಲದ್ದು ಅವನ ಸಹಿ ಮಾತ್ರ. ನಾಲ್ಕು ಗಂಟೆಗೆ ಸ್ಟೇಷನ್ನಿಗೆ ಹೋಗುತ್ತೇನೆಂದು ಅವನು ಬೆಳಿಗ್ಗೆಯಿಂದ ಎಲ್ಲರಿಗೂ ಹೇಳುತ್ತಿದ್ದ. ಗೋಡೆಯ ಗಡಿಯಾರದಲ್ಲಿ ಒಂದೂಕಾಲು.

ನಾನು ಪೊಲೀಸಿನವಳಲ್ಲ. ಪೀಣ್ಯದ ಒಂದು ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತೆರಡು ವರ್ಷ ನಿಂತು, ಸಂಜೆ ಮನೆಗೆ ಹೊರಟ ಹೆಂಗಸರ ಚೀಲ ನೋಡಿದವಳು. ಅಲ್ಲಿ ಕಲಿತದ್ದು ಒಂದೇ ವಿದ್ಯೆ: ಚೀಲ ನೋಡಬಾರದು, ಮುಖವನ್ನೂ ನೋಡಬಾರದು, ಚೀಲ ಬಿಚ್ಚುವ ಕೈಯನ್ನು ನೋಡಬೇಕು. ಈಗ ಸಿಂಗಸಂದ್ರದಲ್ಲಿ ಒಂದು ಕೋಣೆ ಮಾಡಿಕೊಂಡು 'ಅನುಸೂಯಮ್ಮ, ಖಾಸಗಿ ವಿಚಾರಣೆ' ಎಂದು ಬೋರ್ಡು ಹಾಕಿದ್ದೇನೆ.

ಅಂದು ಗುರುವಾರ. ಬೆಳಿಗ್ಗೆ ಎಂಟಕ್ಕೆ ಜಿಗಣಿಯಿಂದ ರಾಮಕ್ಕನ ಫೋನು ಬಂತು. ರಾಮಕ್ಕ ನನ್ನ ಹಳೆಯ ಗೆಳತಿ, ಶಾಂಭವಿ ಅವಳ ವಠಾರದಲ್ಲಿ ಬಾಡಿಗೆಗೆ ಇರುವವಳು. ಲೋಕೇಶನ ಕಡೆಯ ನಾಲ್ವರು ಬಂದು ಶಾಂಭವಿಯ ಟ್ರಂಕನ್ನು ಬೀದಿಗೆ ತಂದು ಸುರಿದಿದ್ದರು. ಮೂರು ಸೀರೆ, ಒಂದು ಸ್ವೆಟರು, ಗಾರ್ಮೆಂಟ್ಸಿನ ಗುರುತಿನ ಚೀಟಿ, ಅಜ್ಜನ ನಾಟಕ ಕಂಪನಿಯ ಕಾಲದ ಒಂದು ತಗಡಿನ ಕಿರೀಟ. ಬೀದಿಯವರೆಲ್ಲ ನಿಂತು ನೋಡಿದರು. ಟೇಪು ಸಿಗಲಿಲ್ಲ.

"ಸಿಗಲಿಲ್ಲ ಅಂದ್ರೆ ಆಗಲೇ ಮಾರ್ಕೊಂಡಿದಾಳೆ ಅಂತ" ಎಂದು ಹೇಳಿ ಹೋದರಂತೆ.

ನನ್ನ ಮೈ ಉರಿದದ್ದು ಆ ಮಾತಿಗೆ. ಸಿಕ್ಕಿದ್ದರೂ ಕಳ್ಳಿ, ಸಿಗದಿದ್ದರೂ ಕಳ್ಳಿ. ಬಡವರ ಟ್ರಂಕಿನಲ್ಲಿ ಇಲ್ಲದ ವಸ್ತುವೂ ಅವರ ಮೇಲೆ ಸಾಕ್ಷಿ ಹೇಳುತ್ತದೆ.

* * *

ಶಾಂಭವಿ ಶೆಡ್ಡಿನ ಹೊರಗೆ, ನೆರಳಿನಲ್ಲಿ, ಮಗುಚಿದ ಬಕೆಟ್ಟಿನ ಮೇಲೆ ಕೂತಿದ್ದಳು. ಇಪ್ಪತ್ತಾರು ವರ್ಷ. ಕೊಪ್ಪಳದ ಕಡೆಯವಳು. ಅತ್ತು ಮುಗಿಸಿ ಈಗ ಸಿಟ್ಟಿಗೆ ಬಂದಿದ್ದಳು. ಅದು ಒಳ್ಳೆಯ ಲಕ್ಷಣ.

"ಟೇಪಿನ ಕೋಣೆಗೆ ಹೋಗಿದ್ದೆಯಂತಲ್ಲಮ್ಮ?"

"ಹೋಗಿದ್ದು ಖರೇರೀ ಅಕ್ಕಾರ. ನನ್ನ ಸೀನ್ ಒಂದ್ ಸಲ ತೋರಸ್ರೀ ಅಂತ ಕೇಳಾಕ ಹೋಗಿದ್ದೆ. ಒಳಗ ಯಾರೂ ಇದ್ದಿಲ್ಲ, ಹೊಳ್ಳಿ ಬಂದೆ. ಬೀರು ಮುಟ್ಟಿಲ್ಲ."

"ಕದ್ದು ಮಾರೋಕೆ ಅಂತ ಹೇಳ್ತಿದಾರೆ."

"ಅದರಾಗ ಇರಾಕಿ ನಾನ ಅದೀನ್ರೀ! ನನ್ನ ನಾನ ಕದ್ದು ಯಾರಿಗೆ ಮಾರ್ಲಿ? ನನ್ನ ಯಾರು ಕೊಳ್ತಾರ?"

ನಗು ಬಂತು, ತಡೆದುಕೊಂಡೆ. ಅವಳು ನಗಲಿಲ್ಲ.

"ನಮ್ಮಜ್ಜ ಕಂಪನ್ಯಾಗ ಮೂವತ್ತು ವರ್ಷ ಮಂದೀನ ನಗಿಸ್ಯಾನ್ರೀ. ಇವತ್ತು ಅಂವ ಹೆಂಗ ನಗಸ್ತಿದ್ದ ಅಂತ ಯಾರರ ಕೇಳಿದ್ರ, ತೋರಸಾಕ ಒಂದು ಫೋಟೋನೂ ಇಲ್ಲ. ಕಿರೀಟ ಒಂದು ಐತಿ. ಕಿರೀಟ ನಗಸ್ತದೇನ್ರೀ? ನಂದರ ಟೇಪಿನ್ಯಾಗ ಉಳೀತೈತಿ ಅನ್ಕೊಂಡಿದ್ದೆ. ಈಗ ನಟಿ ಅನ್ನೂದೂ ಹೋತು, ಮ್ಯಾಲ ಕಳ್ಳಿ ಅನ್ನೂದು ಬಂತು."

ಆ ಸೀನಿನ ವಿಷಯವನ್ನು ನನಗೆ ಬಿಡಿಸಿ ಹೇಳಿದವಳು ವೇಣಿ. ಒಂದು ಶಾಟಿನಲ್ಲಿ ಬಲಗೈಯಲ್ಲಿದ್ದ ಲೋಟ ಮುಂದಿನ ಶಾಟಿನಲ್ಲಿ ಎಡಗೈಗೆ ಹೋಗದಂತೆ ನೋಡಿಕೊಳ್ಳುವುದು ಅವಳ ಕೆಲಸ. ಕುತ್ತಿಗೆಗೆ ಕ್ಯಾಮರಾ, ಕಂಕುಳಲ್ಲಿ ದಪ್ಪ ಪುಸ್ತಕ.

ಇಂಗ್ಲಿಷರ ಟೀವಿಯಲ್ಲಿ ಒಂದು ಬಗೆಯ ಧಾರಾವಾಹಿ ಇದೆಯಂತೆ. ಮುಕ್ಕಾಲು ಗಂಟೆ ನಗಿಸುತ್ತಾರೆ, ಕೊನೆಯ ಐದು ನಿಮಿಷದಲ್ಲಿ ಗಂಟಲು ಕಟ್ಟಿಸುತ್ತಾರೆ. ಕಾಮಿಡಿ ಡ್ರಾಮಾ ಎನ್ನುತ್ತಾರೆ. ಇದರ ಕಥೆಯೂ ಚೆನ್ನಾಗಿತ್ತು. ಒಂಟಿ ಹೆಂಗಸೊಬ್ಬಳಿಗೆ ಗ್ಯಾಸಿನ ಬಿಲ್ಲು ತಪ್ಪಾಗಿ ಬರುತ್ತದೆ. ಫೋನು ಮಾಡಿದರೆ ಅದು ಬೆಂಗಳೂರಿಗೆ ಬರುತ್ತದೆ, ಇಲ್ಲಿಯವರು ದಯವಿಟ್ಟು ಕಾಯಿರಿ ಎಂದು ಸಂಗೀತ ಹಾಕುತ್ತಾರೆ. ಹದಿನಾಲ್ಕು ತಿಂಗಳು ಸಂಗೀತ ಕೇಳಿದ ಮೇಲೆ ಅವಳು ಬಿಲ್ಲನ್ನು ಕೈಯಲ್ಲಿ ಹಿಡಿದು ವಿಮಾನ ಹತ್ತಿ ಬರುತ್ತಾಳೆ, ಕಾಯಿಸಿದವರನ್ನು ಹುಡುಕಿಕೊಂಡು. ಆ ಹೆಂಗಸಿನ ಪಾತ್ರ ಡೊರೀನ್ ಹಾಲ್‌ಕ್ರಾಫ್ಟ್ ಎಂಬ ಅರವತ್ತಮೂರರ ನಟಿಯದು. ಕಾಲ್ ಸೆಂಟರಿನಲ್ಲಿ ಯಾರೂ ಅವಳ ಮಾತು ಕೇಳುವುದಿಲ್ಲ, ಕಸ ಗುಡಿಸುವವಳೊಬ್ಬಳ ಹೊರತು. ಆ ಗುಡಿಸುವವಳು ಶಾಂಭವಿ.

"ಸ್ಕ್ರಿಪ್ಟಲ್ಲಿ ಅವಳಿಗಿದ್ದಿದ್ದು ಮೂರು 'ಎಸ್ ಮೇಡಂ' ಅಷ್ಟೇ ಆಂಟಿ" ಎಂದಳು ವೇಣಿ. "ಡೊರೀನ್ ಮೇಡಂ ಬಿಲ್ ತೋರ್ಸಿ ಇಂಗ್ಲಿಷಲ್ಲಿ ಗೋಳು ಹೇಳ್ಕೊಬೇಕು, ಇವಳು ತಲೆ ಅಲ್ಲಾಡಿಸ್ಬೇಕು. ಇವಳು ಏನ್ ಮಾಡಿದ್ಲು ಗೊತ್ತಾ? ಪೊರಕೆ ಪಕ್ಕಕ್ಕಿಟ್ಟು ಅವರ ಹತ್ರ ಕೂತ್ಬಿಟ್ಲು. 'ನಮ್ಮ ಓನರಂತೂ ಒಂದು ಬಲ್ಬಿಗೆ ನೂರಾಎಂಬತ್ತು ತಗೋತಾರ್ರೀ, ಫ್ಯಾನ್ ಹಚ್ಚಿದ್ರ ಬ್ಯಾರೆ' ಅಂದ್ಲು. ಮೇಡಂ ಒಂದಕ್ಷರ ಅರ್ಥ ಆಗ್ದೆ 'ಎಕ್ಸಾಕ್ಟ್‌ಲಿ!' ಅಂದ್ರು. 'ಕೇಳಿದ್ರ ಮೀಟರ್ ತೋರಸ್ತಾರ, ಮೀಟರ್ ಮಾತಾಡ್ತದೇನ್ರೀ?' ಅಂದ್ಲು ಇವಳು. ಅವರು ಇಂಗ್ಲಿಷಲ್ಲಿ, ಇವಳು ಕನ್ನಡದಲ್ಲಿ. ಒಬ್ರಿಗೊಬ್ರು ಅರ್ಥ ಆಗ್ದೆ ಇಬ್ರೂ ಒಂದೇ ಜಗಳ ಆಡ್ತಾ ಕೂತಿದ್ರು. ನಾಲ್ಕು ನಿಮಿಷ. ಕೊನೇಲಿ ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ಮುರಿದು ಅವರ ಕೈಗಿಟ್ಲು. ಮೇಡಂ ನಿಜವಾಗ್ಲೂ ಅತ್ಬಿಟ್ರು. ಕ್ಯಾಮರಾದವರೂ ಕಣ್ಣು ಒರೆಸ್ಕೊಂಡ್ರು. ಅದು ಹದಿನಾಲ್ಕನೇ ಟೇಪು."

ಬಲ್ಬಿಗೆ ನೂರಾಎಂಬತ್ತು ತೆಗೆದುಕೊಳ್ಳುವ ಆ ಓನರು ರಾಮಕ್ಕ. ಅವಳಿಗೆ ಈ ವಿಷಯ ತಿಳಿಯದು. ನಾನೂ ಹೇಳುವುದಿಲ್ಲ.

* * *

ಡೊರೀನ್ ವ್ಯಾನಿನೊಳಗೆ ಎರಡೂ ಪಾದಗಳನ್ನು ನೀರಿನ ಟಬ್ಬಿನಲ್ಲಿ ಇಟ್ಟುಕೊಂಡು ಕೂತಿದ್ದರು. ಹತ್ತಿಯಂಥ ಬಿಳಿ ಕೂದಲು, ಚುರುಕು ಕಣ್ಣು. ನನಗೆ ಬರುವ ಇಂಗ್ಲಿಷ್ 'ಬ್ಯಾಗ್ ಓಪನ್' ಮತ್ತು 'ನೆಕ್ಸ್ಟ್'. ಹಾಗಾಗಿ ವೇಣಿ ನಡುವೆ ನಿಂತಳು.

"ಮೇಡಂ ಹೇಳ್ತಿದಾರೆ, ಅವರಪ್ಪ ನೂಲಿನ ಗಿರಣಿ ಕೆಲಸಗಾರರಂತೆ. ಅಲ್ಲಿ ಏನ್ ಕಾಣೆಯಾದ್ರೂ ಮೊದಲು ಕೆಲಸಗಾರರ ಕೋಟು ಜೇಬು ನೋಡ್ತಿದ್ರಂತೆ."

"ಎಲ್ಲಾ ಊರಲ್ಲೂ ಹಾಗೇನಾ ಕೇಳು."

ವೇಣಿ ಕೇಳಿದಳು. ಡೊರೀನ್ ತಲೆಯಾಡಿಸಿದರು. ಆಮೇಲೆ ಟವೆಲನ್ನು ತೊಡೆಯ ಮೇಲೆ ಹರಡಿಕೊಂಡು ನಿಧಾನವಾಗಿ ಏನೋ ಹೇಳಿದರು.

"ನಲವತ್ತು ವರ್ಷದಿಂದ ಜನರನ್ನ ನಗಿಸ್ತಾ ಇದಾರಂತೆ. ಮೊದಲು ಸಮುದ್ರ ದಡದ ಸಣ್ಣ ನಾಟಕ ಥಿಯೇಟರುಗಳಲ್ಲಿ, ಆಮೇಲೆ ಟೀವೀಲಿ. 'ಆ ದಿನ ಯಾರೂ ನನ್ನನ್ನ ನೋಡ್ತಿರಲಿಲ್ಲ. ನಾನೂ ಅವಳನ್ನೇ ನೋಡ್ತಿದ್ದೆ' ಅಂತಿದಾರೆ."

ಆ ಮಾತಿನಲ್ಲಿ ಮೆಚ್ಚುಗೆ ಇತ್ತೋ ಹೊಟ್ಟೆಯುರಿ ಇತ್ತೋ, ವೇಣಿಯ ಕನ್ನಡದಲ್ಲಿ ಅದು ಬರಲಿಲ್ಲ. ನಾನು ಕೈ ನೋಡಿದೆ. ಟವೆಲಿನ ಅಂಚನ್ನು ಎರಡೂ ಕೈ ಬಿಗಿಯಾಗಿ ಹಿಡಿದಿದ್ದವು. ಪ್ರೀತಿಗೂ ಹಾಗೆ ಹಿಡಿಯುತ್ತಾರೆ, ಸಿಟ್ಟಿಗೂ ಹಾಗೆ ಹಿಡಿಯುತ್ತಾರೆ.

* * *

ಲೋಕೇಶನ ಬಳಿ ಇದ್ದ ಒಂದೇ ಸಾಕ್ಷಿ ಒಂದು ಗಾಜಿನ ಬಳೆಯ ಚೂರು. ಬೀಗ ಮುರಿದ ಬೀರುವಿನ ಮುಂದೆ ಸಿಕ್ಕಿತಂತೆ. ಹಸಿರು ಬಳೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಚಿನ್ನವೇನೋ ಎಂಬಂತೆ ಇಟ್ಟುಕೊಂಡಿದ್ದ.

"ಶಾಂಭವಿ, ನಿನ್ನ ಕೈ ತೋರ್ಸು."

ಎರಡೂ ಕೈಯಲ್ಲಿ ಒಂದೊಂದು ಲೋಹದ ಬಳೆ, ಅಷ್ಟೆ.

"ಹೊಲಿಗಿ ಮಷೀನಿಗೆ ಬಡದು ಒಡೀತಾವ್ರೀ. ಗಾರ್ಮೆಂಟ್ಸ್ ಸೇರಿದಾಗಿಂದ ಗಾಜಿನ ಬಳಿ ಹಾಕ್ಕೊಂಡಿಲ್ಲ. ಹಸರು ಬಳಿ ಪಾತ್ರದ್ದು."

ವೇಣಿ ಪುಸ್ತಕ ತೆರೆದಳು. ಕಥೆಯಲ್ಲಿ ಒಂದೇ ದಿನ ನಡೆಯುವುದನ್ನು ಇವರು ನಾಲ್ಕು ದಿನ ಚಿತ್ರೀಕರಿಸುತ್ತಾರೆ. ಹಾಗಾಗಿ ನಾಲ್ಕು ದಿನವೂ ಅದೇ ಸೀರೆ, ಅಷ್ಟೇ ಬಳೆ. ಒಂದು ಬಳೆ ಕಡಿಮೆಯಾದರೂ ಲಂಡನ್ನಿನಲ್ಲಿ ಯಾರೋ ಕಂಡುಹಿಡಿಯುತ್ತಾರೆ. ಅದಕ್ಕಾಗಿ ಪ್ರತಿ ಸಂಜೆ ಪಾತ್ರಧಾರಿಯ ಮೈಮೇಲಿನದನ್ನೆಲ್ಲ ಎಣಿಸಿ ಬಟ್ಟೆಯ ಪೆಟ್ಟಿಗೆಗೆ ಹಾಕುತ್ತಾರೆ.

"ಬುಧವಾರ ಸಂಜೆ ಹದಿನೆಂಟು ಬಳೆ ವಾಪಸ್. ನಾನೇ ಎಣ್ಸಿದೀನಿ ಆಂಟಿ. ಫೋಟೋನೂ ಇದೆ."

"ತಂದಿದ್ದು ಎಷ್ಟು?"

"ಎರಡು ಡಜನ್. ಒಡೆದ್ರೆ ಇರ್ಲಿ ಅಂತ ಆರು ಜಾಸ್ತಿ."

ಪೆಟ್ಟಿಗೆ ತೆರೆಸಿದೆ. ಶಾಂಭವಿಯ ಹದಿನೆಂಟು ಬಳೆ ದಾರದಲ್ಲಿ ಪೋಣಿಸಿ ಹಾಗೇ ಇದ್ದವು. ಮಿಕ್ಕ ಆರರ ಕಾಗದದ ಸುತ್ತು ಬಿಚ್ಚಿತ್ತು. ಅದರಲ್ಲಿ ಇದ್ದದ್ದು ಐದು.

"ಈ ಪೆಟ್ಟಿಗೆ ಕೀಲಿ ಯಾರ ಹತ್ರ ಇರುತ್ತೆ?"

ವೇಣಿಯ ಮುಖ ಬಿಳಿಚಿತು. "ಎರಡೇ ಕೀಲಿ ಆಂಟಿ. ಒಂದು ನನ್ನ ಹತ್ರ. ಇನ್ನೊಂದು ಲೋಕೇಶ್ ಸಾರ್ ಹತ್ರ."

"ನಿನ್ನ ಕೀಲಿ ನಿನ್ನೆ ಎಲ್ಲಿತ್ತು?"

"ಕುತ್ತಿಗೇಲಿ. ಮಲಗೋವಾಗ್ಲೂ ತೆಗೆಯಲ್ಲ. ಬೇಕಾದ್ರೆ ನನ್ನ ಬ್ಯಾಗೂ ನೋಡಿ."

ಅವಳು ಬ್ಯಾಗಿನ ಜಿಪ್ಪನ್ನು ಒಂದೇ ಎಳೆತಕ್ಕೆ ಎಳೆದಳು. ಬಚ್ಚಿಡಲು ಇರುವವರು ಹಾಗೆ ಎಳೆಯುವುದಿಲ್ಲ. ಆದರೆ ಜಿಪ್ಪು ಎಳೆದ ಬಗೆ ನೋಡಿ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯುವುದು ನ್ಯಾಯವಲ್ಲ. ಲೋಕೇಶನ ಜನ ಟ್ರಂಕು ಸುರಿದು ಮಾಡಿದ್ದೂ ಅದೇ ತಪ್ಪು. ನನಗೆ ಗಟ್ಟಿ ವಸ್ತು ಬೇಕಿತ್ತು.

ಅದು ಸಿಕ್ಕಿದ್ದು ಶೆಡ್ಡಿನ ಹಿಂದೆ.

* * *

ಚಿಕ್ಕಬೈರಪ್ಪ ಅಲ್ಲಿನ ಕಾವಲುಗಾರ. ಅರವತ್ತೈದು ದಾಟಿದ ಊರಿನ ಹಳಬ. ಶೆಡ್ಡು ನಿಂತಿರುವುದು ಅವನಪ್ಪ ರಾಗಿ ಬಿತ್ತುತ್ತಿದ್ದ ನೆಲದ ಮೇಲೆ. ಕೈಯಲ್ಲಿ ಕೋಲು ಹಿಡಿದು ಒಂದು ಹಸುವನ್ನು ಗದರುತ್ತಿದ್ದ.

"ಏಯ್, ಬಾಯಾಕ್ಬೇಡ! ಓಗತ್ಲಾಗೆ!"

ನೆಲದ ಮೇಲೆ ಬೂದುಗುಂಬಳದ ಹೋಳುಗಳು ಚೆಲ್ಲಿದ್ದವು. ಒಳಗೆ ಕುಂಕುಮ ಕಲಸಿದ ಕೆಂಪು. ಪಕ್ಕದಲ್ಲಿ ಕರ್ಪೂರ ಉರಿದ ಕಪ್ಪು ಕಲೆ.

"ಇದೇನಪ್ಪಾ ಬೈರಪ್ಪ?"

"ಕುಂಬ್ಳಕಾಯಿ ಕಣಕ್ಕ. ನೆನ್ನೆ ಸಂಜೆ ಒಡೆದ್ರು. ದಿಷ್ಟಿ ತೆಗ್ದಿದ್ದು ಅಸ ತಿನ್ಬಾರ್ದು ಅಂತ ಕಾಯ್ತಾ ಕುಂತಿವ್ನಿ."

"ಯಾರು ಒಡೆದಿದ್ದು?"

"ಲೋಕೇಸಪ್ನೋರೇ. ಎಲ್ರೂ ಓದ್ಮೇಲೆ. ಕ್ಯಾಮ್ರಾ ಪೆಟ್ಗೆ ಮುಂದೆ ಮೂರು ಸುತ್ತು ಇಳ್ಸಿ, ಕರ್ಪೂರ ಅಚ್ಚಿ, ಇಲ್ ತಂದು ಎತ್ತಾಕುದ್ರು. ಕಣ್ಣಲ್ಲಿ ನೀರಿತ್ತು ಕಣಕ್ಕ. ನನ್ ಕೈಗೆ ನೂರು ರುಪಾಯಿ ಇಟ್ಟು, 'ಇಷ್ಟ್ ದಿನ ಚೆನ್ನಾಗಿ ನೋಡ್ಕೊಂಡೆ ತಾತ' ಅಂದ್ರು."

"ನಿನ್ನೆ ಅಮಾವಾಸ್ಯೆ ಏನಾದ್ರೂ ಇತ್ತಾ?"

"ಅಮಾಸೆ ಓಗಿ ಎಂಟ್ ದಿನ ಆಯ್ತಲ್ಲ."

"ಕುಂಬಳಕಾಯಿ ತಂದಿದ್ದು ಯಾವಾಗ?"

"ಮದ್ಯಾನ, ಊಟದ ಎಲೆ ಎತ್ತೋ ಒತ್ಗೆ. ನಾನೇ ಕಾರಿಂದ ಇಳ್ಸಿ ಇಟ್ಟೆ."

ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಸಿನಿಮಾ ನೋಡುವ ಯಾವ ಕನ್ನಡಿಗನಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ತೆಂಗಿನಕಾಯಿ ಒಡೆದರೆ ಚಿತ್ರ ಶುರುವಾಯಿತು. ಕುಂಬಳಕಾಯಿ ಒಡೆದರೆ ಮುಗಿಯಿತು. ಲಂಡನ್ನಿನಿಂದ ಬಂದವರಿಗೆ ಇದು ಗೊತ್ತಿಲ್ಲ. ಗಾಂಧಿನಗರದಲ್ಲಿ ಊಟದ ಕ್ಯಾರಿಯರ್ ಹಂಚುತ್ತಾ ಶುರುಮಾಡಿ ಈ ಮಟ್ಟಕ್ಕೆ ಬಂದ ಲೋಕೇಶನಿಗೆ ಇದು ರಕ್ತದಲ್ಲಿದೆ.

ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಶೂಟಿಂಗು ಶನಿವಾರದವರೆಗೆ ಎಂದಿತ್ತು. ಟೇಪು ಕಾಣೆಯಾದದ್ದು ತಿಳಿದದ್ದು ಗುರುವಾರ ಬೆಳಿಗ್ಗೆ. ಕುಂಬಳಕಾಯಿ ಬಂದದ್ದು ಬುಧವಾರ ಮಧ್ಯಾಹ್ನ.

* * *

ಮೂರು ಗಂಟೆಗೆ ಹತ್ತು ನಿಮಿಷ ಇದ್ದಾಗ ಲೋಕೇಶನನ್ನು ಆ ಸುಳ್ಳು ಕಾಲ್ ಸೆಂಟರಿನ ನಡುವೆ ಕೂರಿಸಿದೆ. ಸುತ್ತ ಅರವತ್ತು ಖಾಲಿ ಕಂಪ್ಯೂಟರು. ವೇಣಿ, ಶಾಂಭವಿ, ಚಿಕ್ಕಬೈರಪ್ಪ ನನ್ನ ಹಿಂದೆ ನಿಂತರು.

"ಲೋಕೇಶಪ್ಪ, ಇದುವರೆಗೆ ಎಷ್ಟು ಪಿಕ್ಚರಿಗೆ ಕೆಲಸ ಮಾಡಿದೀಯ?"

"ಇಪ್ಪತ್ತೇಳು. ಯಾಕೆ?"

"ಅದರಲ್ಲಿ ಕುಂಬಳಕಾಯಿ ಒಡೀದೆ ಮುಗಿಸಿದ್ದು ಎಷ್ಟು?"

"ಒಂದೂ ಇಲ್ಲ. ಅದೆಲ್ಲ ಆಟ ಅಲ್ಲಮ್ಮ. ಒಡೀದೆ ಬಿಟ್ರೆ ಮುಂದಿನ ಪಿಕ್ಚರ್ ಕೈ ಹತ್ತಲ್ಲ."

"ಮೂರು ದಿನ ಮೊದಲೇ ಒಡೆದಿದ್ದು ಎಷ್ಟು?"

ಅವನ ಕೈ ದೂರಿನ ಕಾಗದದ ಮೇಲೆ ನಿಂತಿತು.

"ಅದು... ದೃಷ್ಟಿಗೆ. ಅಮಾವಾಸ್ಯೆ ಅಲ್ವಾ..."

"ಅಮಾಸೆ ಓಗಿ ಎಂಟ್ ದಿನ ಆಯ್ತು ಸಾಮಿ" ಎಂದ ಚಿಕ್ಕಬೈರಪ್ಪ, ಬಹಳ ವಿನಯದಿಂದ.

"ವೇಣಿ, ನಿನ್ನೆ ಪ್ಯಾಕಪ್ ಆದಾಗ ಇವತ್ತು ಎಷ್ಟು ಗಂಟೆಗೆ ಬನ್ನಿ ಅಂದ್ರು?"

"ಆರೂವರೆಗೆ."

"ಯಾರು ಅಂದಿದ್ದು?"

"ಲೋಕೇಶ್ ಸಾರೇ."

"ನಿಮ್ಮೆಲ್ಲರಿಗೂ ನಾಳೆ ಬನ್ನಿ ಅಂದ. ಅರ್ಧ ಗಂಟೆ ಬಿಟ್ಟು ಬೈರಪ್ಪನಿಗೆ, ಇಷ್ಟು ದಿನ ಚೆನ್ನಾಗಿ ನೋಡ್ಕೊಂಡೆ ಅಂತ ಕೈಗೆ ದುಡ್ಡು ಇಟ್ಟ. ಯಾವುದಪ್ಪ ನಿಜ? ನಾಳೆ ಇತ್ತೋ, ಇರಲಿಲ್ಲವೋ?"

ಆರರಲ್ಲಿ ಉಳಿದ ಐದು ಬಳೆಗಳನ್ನು ಅವನ ಮುಂದೆ ಒಂದೊಂದಾಗಿ ಇಟ್ಟೆ. ಪಕ್ಕದಲ್ಲಿ ಕವರಿನಲ್ಲಿದ್ದ ಚೂರನ್ನು ಇಟ್ಟೆ.

"ನಾನು ಕದ್ದಿಲ್ಲ ಅಮ್ಮ."

"ಗೊತ್ತು. ಇಲ್ಲಿ ಕಳ್ಳತನವೇ ಆಗಿಲ್ಲ. ಕಳ್ಳಿ ಮಾತ್ರ ಬೇಕಾಗಿದ್ದಳು. ಯಾಕೆ ಅನ್ನೋದು ನೀನೇ ಹೇಳು."

ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಆಮೇಲೆ ಮಾತು ಬಂತು, ತಡೆದ ನೀರು ಬಂದ ಹಾಗೆ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಅಲ್ಲಿ ಇನ್ನೂ ನಸುಕಿರುವಾಗಲೇ, ಲಂಡನ್ನಿನ ಕಂಪನಿಯಿಂದ ಫೋನು. ಹಿಂದಿನ ರಾತ್ರಿ ಧಾರಾವಾಹಿ ಬೇಡವೆಂದು ತೀರ್ಮಾನವಾಗಿತ್ತು. ತಾವೇ ನಿಲ್ಲಿಸಿದರೆ ನಷ್ಟ ಕಂಪನಿಯದು. ಟೇಪುಗಳೇ ಕಳುವಾಗಿ ನಿಂತರೆ ವಿಮೆಯವರು ಕೊಡುತ್ತಾರೆ. ಅದಕ್ಕೆ ಪೊಲೀಸ್ ದೂರಿನ ಪ್ರತಿ ಬೇಕು.

"ಟೇಪು ಸುಟ್ಟಾಕಿ, ದೂರು ಕೊಡಿ, ಮುಂದಿನ ಎರಡು ಶೂಟಿಂಗ್ ನಿಮಗೇ ಅಂದ್ರು."

"ಯಾರ ಹೆಸರು ಬರೀಬೇಕು ಅಂತಾನೂ ಅವರೇ ಹೇಳಿದ್ರಾ?"

"ಇಲ್ಲ... ಯಾರಾದ್ರೂ ಲೋಕಲ್ಸ್ ಅಂದ್ರು."

"ಯಾರಾದ್ರೂ ಅಂದಾಗ ನಿನಗೆ ಹೊಳೆದಿದ್ದು ದಿನಕ್ಕೆ ಆರುನೂರರವಳು."

"ಅವಳು ಆ ಕೋಣೆಗೆ ಹೋಗಿದ್ದನ್ನ ನೋಡಿದ್ದೆ ಅಮ್ಮ. ಊರಿಂದ ದೂರ, ಹಿಂದೆ ಮುಂದೆ ಯಾರೂ ಇಲ್ಲ. ನಾಲ್ಕು ದಿನ ಸ್ಟೇಷನ್ನು, ಆಮೇಲೆ ಬಿಟ್‌ಬಿಡ್ತಾರೆ ಅನ್ಕೊಂಡೆ."

ನಾಲ್ಕು ದಿನ! ಬಾಡಿಗೆ ಮನೆ ಹೋಗುತ್ತದೆ, ಗಾರ್ಮೆಂಟ್ಸಿನ ಕೆಲಸ ಹೋಗುತ್ತದೆ, ಕಳ್ಳಿ ಎಂಬುದು ಊರಿನವರೆಗೂ ಬಸ್ಸು ಹತ್ತಿ ಹೋಗುತ್ತದೆ. ಇವನಿಗೆ ಅದು ನಾಲ್ಕು ದಿನದ ಲೆಕ್ಕ.

"ಟೇಪು ಸುಟ್ಯಾ?"

"ಇಲ್ಲ." ಅವನ ದನಿ ಕುಗ್ಗಿತು. "ಬೆಂಕಿಪೊಟ್ಣ ಹಿಡ್ಕೊಂಡು ನಿಂತಿದ್ದೆ. ಶೂಟಿಂಗ್ ಆಗಿರೋ ಟೇಪು ಅಮ್ಮ. ಕೈ ಬರಲಿಲ್ಲ. ಕಾರಿನ ಡಿಕ್ಕೀಲಿದೆ."

"ಟೇಪು ಸುಡೋಕೆ ಕೈ ಬರಲಿಲ್ಲ. ಇವಳ ಟ್ರಂಕು ಬೀದೀಲಿ ಸುರಿಸೋಕೆ ಕೈ ಹೇಗೆ ಬಂತೋ ನಿನಗೆ? ಪ್ಲಾಸ್ಟಿಕ್ಕಿಗೆ ಕರ್ಪೂರ ಹಚ್ಚಿ ಅಳ್ತೀಯ, ಎದುರಿಗೆ ನಿಂತಿರೋ ಜೀವ ಕಣ್ಣಿಗೆ ಕಾಣಲ್ವಾ?"

ನನ್ನ ದನಿ ಏರಿತ್ತು. ಆ ಖಾಲಿ ಕಂಪ್ಯೂಟರುಗಳ ನಡುವೆ ಅದು ನನಗೇ ವಾಪಸು ಕೇಳಿಸಿತು. ಇಪ್ಪತ್ತೆರಡು ವರ್ಷ ಗೇಟಿನಲ್ಲಿ ನಿಂತಾಗ ಎಷ್ಟೋ ಸಲ ಮೇಲಿನವರು ಹೇಳಿದ ಚೀಲವನ್ನೇ ಬಿಚ್ಚಿಸಿದ್ದೇನೆ. ಆ ಸಿಟ್ಟೂ ಅದರಲ್ಲಿ ಸೇರಿತ್ತೋ ಏನೋ.

ಶಾಂಭವಿ ಮೆಲ್ಲಗೆ ಮುಂದೆ ಬಂದಳು.

"ಲೋಕೇಶಣ್ಣಾರ, ನಿನ್ನಿ ಎರಡು ಒಡದೀರಿ. ಒಂದು ಕುಂಬಳಕಾಯಿ, ಒಂದು ನಾನು. ಅದಕ್ಕರ ಕರ್ಪೂರ ಹಚ್ಚಿದ್ರಿ."

ಲೋಕೇಶ್ ದೂರಿನ ಕಾಗದವನ್ನು ಎತ್ತಿ ಹರಿಯಲು ಹೋದ.

"ಹರೀಬೇಡ" ಎಂದೆ. "ತಿರುಗಿಸು. ಈಗ ಹೇಳಿದ್ದನ್ನೆಲ್ಲ ಅದರ ಹಿಂದೆ ನಿನ್ನ ಕೈಯಲ್ಲೇ ಬರಿ. ಫೋನು ಬಂದ ಗಂಟೆ, ನಂಬರು, ಎಲ್ಲಾ. ಕೆಳಗೆ ಸಹಿ."

"ನನ್ನ ಕಥೆ ಮುಗೀತು ಅಮ್ಮ."

"ಕುಂಬಳಕಾಯಿ ಆಗಲೇ ಒಡೆದಿದೀಯಲ್ಲ. ಬರಿ."

ಅವನು ಬರೆದ. ವೇಣಿ, ಚಿಕ್ಕಬೈರಪ್ಪ ಸಾಕ್ಷಿ ಹಾಕಿದರು. ನಾಳೆ ಬೆಳಿಗ್ಗೆ ಲೋಕೇಶನೇ ಆ ವಠಾರಕ್ಕೆ ಬಂದು, ಟ್ರಂಕು ಸುರಿದ ಜಾಗದಲ್ಲೇ ನಿಂತು, ತಪ್ಪು ತನ್ನದೆಂದು ಎಲ್ಲರ ಮುಂದೆ ಹೇಳಬೇಕೆಂದೂ ಬರೆಸಿದೆ. ಕಾಗದ ಮಡಿಸಿ ಶಾಂಭವಿಯ ಕೈಗೆ ಕೊಟ್ಟೆ. ಅವಳು ಅದನ್ನು ಓದಲಿಲ್ಲ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

"ಅಕ್ಕಾರ, ನನ್ನ ಟೇಪು?"

* * *

ಡಿಕ್ಕಿಯಲ್ಲಿ ಒಂದು ಹೊಸ ಪಂಚೆಯಲ್ಲಿ ಸುತ್ತಿ ಇಟ್ಟಿದ್ದ. ಮೇಲೆ ಒಂದು ಮೊಳ ಮಲ್ಲಿಗೆ, ಬಾಡಿತ್ತು. ವೇಣಿ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ನಂಬರು ಓದತೊಡಗಿದಳು. ಒಂದು, ಎರಡು, ಮೂರು. ಶಾಂಭವಿ ಪಕ್ಕದಲ್ಲಿ ನಿಂತು ತಾನೂ ತುಟಿಯಲ್ಲೇ ಎಣಿಸುತ್ತಿದ್ದಳು. ಹದಿಮೂರು.

ಹದಿನಾಲ್ಕನೆಯ ಡಬ್ಬಿಯನ್ನು ಎತ್ತಿದ ವೇಣಿಯ ಕೈ ಅಗತ್ಯಕ್ಕಿಂತ ಮೇಲೆ ಹೋಯಿತು. ಹಗುರವಾಗಿತ್ತು.

ತೆರೆದಳು. ಖಾಲಿ.

ನಾನು ಲೋಕೇಶನ ಕೈ ನೋಡಿದೆ. ಎರಡೂ ಅಂಗೈ ತೆರೆದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿದ್ದವು.

"ಅಮ್ಮನಾಣೆ ನಾನಲ್ಲ. ನಿನ್ನೆ ಸಂಜೆ ಇಪ್ಪತ್ತೊಂದನ್ನೂ ತೆರೆದು ನೋಡಿ ಕುಂಕುಮ ಇಟ್ಟಿದೀನಿ!"

"ಆಮೇಲೆ ಈ ಕಾರು ಎಲ್ಲೆಲ್ಲಿ ಹೋಗಿದೆ?"

"ಮನೆ. ಬೆಳಿಗ್ಗೆ ವೈಟ್‌ಫೀಲ್ಡಿನ ಹೋಟ್ಲಿಗೆ, ಡೊರೀನ್ ಮೇಡಂನ ಕರ್ಕೊಂಡ್ ಬರೋಕೆ. ಅವರ ಬ್ಯಾಗು ಇಲ್ಲೇ ಡಿಕ್ಕೀಲಿಟ್ಟಿದ್ದೆ. ಅದನ್ನ ತಗೊಳ್ಳೋಕೆ ಅಂತ ಮಧ್ಯಾಹ್ನ ಕೀಲಿ ಕೇಳಿದ್ರು... ಕೊಟ್ಟೆ. ಪಂಚೆ ಸುತ್ತಿದೆಯಲ್ಲ, ಒಳಗಿರೋದು ತಿಳಿಯಲ್ಲ ಅನ್ಕೊಂಡೆ."

ವೇಣಿ ವ್ಯಾನಿನ ಕಡೆ ಓಡಿದಳು. ಬಾಗಿಲು ತೆರೆದಿತ್ತು. ಟಬ್ಬಿನ ನೀರು ಹಾಗೇ ಇತ್ತು.

ಗೇಟಿನಲ್ಲಿ ವಿಚಾರಿಸಿದರೆ, ಬಿಳಿ ಕೂದಲಿನ ಮೇಡಂ ಎರಡೂಮುಕ್ಕಾಲಿಗೇ ಟ್ಯಾಕ್ಸಿ ಕರೆಸಿಕೊಂಡು ಏರ್‌ಪೋರ್ಟಿಗೆ ಹೊರಟರು ಎಂದರು. ಈಗ ಮೂರೂಮುಕ್ಕಾಲು. ಹೊಸೂರು ರಸ್ತೆಯಲ್ಲಿ ಮೇಲ್ಸೇತುವೆ ಕಟ್ಟುವ ಗದ್ದಲ ದಾಟಿ ದೇವನಹಳ್ಳಿ ಸೇರಲು ಮೂರು ಗಂಟೆಯಾದರೂ ಬೇಕು. ಬೆನ್ನಟ್ಟುವವರಿಗೂ ಅದೇ ರಸ್ತೆ.

"ಅವರು ಯಾಕ ಒಯ್ದಾರ್ರೀ?" ಎಂದಳು ಶಾಂಭವಿ. "ಮಂದಿಗೆ ತೋರಸಾಕ? ಇಲ್ಲಾ, ಯಾರೂ ನೋಡಬಾರದು ಅಂತ?"

ನನಗೆ ಗೊತ್ತಿರಲಿಲ್ಲ. ಹಾಗೇ ಹೇಳಿದೆ.

ಇಪ್ಪತ್ತೊಂದರಲ್ಲಿ ಇಪ್ಪತ್ತು ಟೇಪು ಸಿಕ್ಕವು. ಶಾಂಭವಿ ಕಳ್ಳಿಯಲ್ಲ ಎಂಬ ಕಾಗದ ಸಿಕ್ಕಿತು. ಅವಳು ನಟಿ ಎಂದು ತೋರಿಸುವ ನಾಲ್ಕು ನಿಮಿಷ ಹೋಯಿತು.